ದೇವರ ಬಗ್ಗೆ ‘ಗೊತ್ತಿಲ್ಲ’, ಪಕ್ಷದ ಬಗ್ಗೆ ‘ಯಾವುದೂ ಅಲ್ಲ’: ಇದು ಜಾರಿಕೊಳ್ಳುವ ಮಾತಾ?

ಪ್ರಶ್ನೆ: ದೇವರು ಇದ್ದಾನಾ ಅಂತ ಕೇಳಿದರೆ ನಾನು ‘ಗೊತ್ತಿಲ್ಲ’ ಅನ್ನುತ್ತೇನೆ. ನಿಂದು ಯಾವ ಪಕ್ಷ ಅಂತ ಕೇಳಿದರೆ ‘ಯಾವುದೂ ಅಲ್ಲ’ ಅನ್ನುತ್ತೇನೆ. ಎರಡಕ್ಕೂ ಮನೆಯಲ್ಲಿ ಒಂದೇ ಬೈಗುಳ: ‘ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ, ಒಂದು ಕಡೆ ನಿಲ್ಲು.’ ನಾನು ನಿಜವಾಗಿ ಜಾರಿಕೊಳ್ಳುತ್ತಿದ್ದೇನಾ?

ಉತ್ತರ: ನಾನೂ ಎಷ್ಟೋ ವರ್ಷದಿಂದ ಇದೇ ಎರಡು ಉತ್ತರ ಕೊಡುತ್ತಾ ಬಂದಿದ್ದೇನೆ. ಹಾಗಾಗಿ ಈ ಬೈಗುಳ ನನಗೂ ಚೆನ್ನಾಗಿ ಪರಿಚಯ. ಬಹಳ ದಿನ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು ಇದು: ಈ ಎರಡು ಉತ್ತರ ಹೊರಗಿನಿಂದ ಅಕ್ಕ ತಂಗಿಯರ ಹಾಗೆ ಕಂಡರೂ ಒಂದೇ ಜಾತಿಯವಲ್ಲ. ದೇವರ ಬಗ್ಗೆ ‘ಗೊತ್ತಿಲ್ಲ’ ಅಂತ ಸಾಯುವವರೆಗೂ ಪ್ರಾಮಾಣಿಕವಾಗಿ ಹೇಳಬಹುದು. ರಾಜಕೀಯದಲ್ಲಿ ಅದೇ ಮಾತು ಜಾಸ್ತಿ ದಿನ ಬಾಳುವುದಿಲ್ಲ.

ಮೊದಲು ದೇವರ ಮಾತು. ಹೀಗೆ ‘ಗೊತ್ತಿಲ್ಲ’ ಅನ್ನುವವರಿಗೆ ಇಂಗ್ಲಿಷಿನಲ್ಲಿ ‘ಅಗ್ನಾಸ್ಟಿಕ್’ ಅನ್ನುತ್ತಾರೆ. ಆ ಪದವನ್ನು ಟಂಕಿಸಿದವರು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. 1869ರಲ್ಲಿ ಲಂಡನ್ನಿನಲ್ಲಿ ಮೆಟಾಫಿಸಿಕಲ್ ಸೊಸೈಟಿ ಅನ್ನುವ ಚರ್ಚಾಕೂಟ ಶುರುವಾಯಿತು. ಅಲ್ಲಿದ್ದ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ವಾದದ ಹೆಸರಿತ್ತು. ಹಕ್ಸ್‌ಲಿಗೆ ಮಾತ್ರ ಯಾವ ಹೆಸರೂ ಇರಲಿಲ್ಲ. ಬಾಲ ಕಳೆದುಕೊಂಡ ನರಿ ಬಾಲವಿರುವ ನರಿಗಳ ಮಧ್ಯೆ ನಿಂತ ಹಾಗೆ ಆಯಿತು ಅಂತ ಅವರೇ 20 ವರ್ಷದ ನಂತರ ಬರೆದುಕೊಂಡರು. ಹಳೆಯ ಕ್ರೈಸ್ತ ಇತಿಹಾಸದಲ್ಲಿ ‘ಗ್ನಾಸ್ಟಿಕ್’ ಅನ್ನುವ ಪಂಥದವರಿದ್ದರು, ಗುಟ್ಟಾದ ಜ್ಞಾನ ನಮಗಿದೆ ಅನ್ನುತ್ತಿದ್ದವರು. ಅದಕ್ಕೆ ಎದುರಾಗಿ ಹಕ್ಸ್‌ಲಿ ಮುಂದೆ ಒಂದು ‘ಅ’ ಸೇರಿಸಿದರು. ಆ ಗ್ರೀಕ್ ಪದದ ಬೇರು ಮತ್ತು ನಮ್ಮ ‘ಜ್ಞಾನ’ದ ಬೇರು ಒಂದೇ. ಆ ‘ಅ’ ಕೂಡ ನಮ್ಮ ‘ಅಜ್ಞಾನ’ದ ‘ಅ’ದ ದೂರದ ನೆಂಟ. ಹಾಗಾಗಿ ಕನ್ನಡದಲ್ಲಿ ‘ಅಜ್ಞೇಯತಾವಾದಿ’ ಅಂತ ಬರೆದಾಗ ಅದು ಬರೀ ಅನುವಾದವಲ್ಲ, ಹಳೆಯ ಸಂಬಂಧವೂ ಹೌದು.

ಆದರೆ ಈ ಕನ್ನಡ ಪದದಲ್ಲಿ ಒಂದು ತೊಡಕಿದೆ. ಅಜ್ಞೇಯ ಅಂದರೆ ತಿಳಿಯಲು ಆಗದ್ದು. ‘ನನಗೆ ತಿಳಿದಿಲ್ಲ’ ಅನ್ನುವುದು ಒಂದು ಮಾತು. ‘ಇದು ಯಾರಿಗೂ ಯಾವತ್ತೂ ತಿಳಿಯಲು ಸಾಧ್ಯವಿಲ್ಲ’ ಅನ್ನುವುದು ಬೇರೆಯೇ ಮಾತು, ತುಂಬ ದೊಡ್ಡ ಮಾತು. ಎರಡನೆಯದನ್ನು ಹೇಳಲು ಮನುಷ್ಯನ ಬುದ್ಧಿಯ ಎಲ್ಲೆ ಎಲ್ಲಿದೆ ಅಂತ ಗೊತ್ತಿರಬೇಕು. ತಮ್ಮನ್ನು ಹೀಗೆ ಕರೆದುಕೊಳ್ಳುವ ಬಹಳ ಜನ ನಿಜವಾಗಿ ಹೇಳುತ್ತಿರುವುದು ಮೊದಲನೆಯದನ್ನೇ. ನೀವು ಇವೆರಡರಲ್ಲಿ ಯಾವುದು ಅಂತ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ.

ನಾಸ್ತಿಕ ಅನ್ನುವ ಪದವಂತೂ ಇನ್ನೂ ಗೋಜಲು. ಇವತ್ತು ನಾವು ದೇವರಿಲ್ಲ ಅನ್ನುವವರನ್ನು ನಾಸ್ತಿಕರು ಅನ್ನುತ್ತೇವೆ. ಹಳೆಯ ದರ್ಶನಗಳ ವಿಂಗಡಣೆಯಲ್ಲಿ ವೇದವನ್ನು ಪ್ರಮಾಣ ಅಂತ ಒಪ್ಪದವರು ನಾಸ್ತಿಕರು. ಅದಕ್ಕೇ ಬೌದ್ಧರು, ಜೈನರು, ಚಾರ್ವಾಕರು ಮೂವರೂ ಒಂದೇ ಪಟ್ಟಿಗೆ ಬಿದ್ದರು. ಈಶ್ವರನ ಅಗತ್ಯವೇ ಇಲ್ಲದ ಸಾಂಖ್ಯ ಆಸ್ತಿಕ ದರ್ಶನವಾಗಿ ಉಳಿಯಿತು. ಹಾಗಾಗಿ ‘ನೀನು ಆಸ್ತಿಕನೋ ನಾಸ್ತಿಕನೋ’ ಅಂತ ಯಾರಾದರೂ ಕೇಳಿದರೆ ‘ಯಾವ ಅರ್ಥದಲ್ಲಿ?’ ಅಂತ ತಿರುಗಿ ಕೇಳುವುದು ಉದ್ಧಟತನವಲ್ಲ.

ಇನ್ನೊಂದು ವಿಷಯ. ನಂಬಿಕೆ ಬೇರೆ, ತಿಳಿವಳಿಕೆ ಬೇರೆ. ‘ದೇವರಿದ್ದಾನೆ ಅಂತ ಸಾಬೀತು ಮಾಡಲಾರೆ, ಆದರೂ ನಂಬುತ್ತೇನೆ’ ಅನ್ನುವವರಿದ್ದಾರೆ. ‘ಇಲ್ಲ ಅಂತ ಸಾಬೀತು ಮಾಡಲಾರೆ, ಆದರೂ ನಂಬುವುದಿಲ್ಲ’ ಅನ್ನುವವರೂ ಇದ್ದಾರೆ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಬರ್ಟ್ರಂಡ್ ರಸೆಲ್ 1947ರಲ್ಲಿ ಇದನ್ನೇ ಬಿಡಿಸಿ ಹೇಳಿದರು: ತತ್ವಶಾಸ್ತ್ರಜ್ಞರ ಎದುರು ನಾನು ಅಜ್ಞೇಯತಾವಾದಿ, ಯಾಕೆಂದರೆ ಪೂರ್ತಿ ಪುರಾವೆ ನನ್ನ ಹತ್ತಿರ ಇಲ್ಲ. ಸಾಮಾನ್ಯ ಜನರ ಎದುರು ನಾಸ್ತಿಕ ಅಂದರೇ ಸರಿ, ಯಾಕೆಂದರೆ ಹಳೆಯ ಗ್ರೀಕ್ ಕವಿ ಹೋಮರನ ಕಾವ್ಯದ ದೇವತೆಗಳಿಲ್ಲ ಅಂತಲೂ ನಾನು ಪುರಾವೆ ಕೊಡಲಾರೆ. ಒಬ್ಬನೇ ಮನುಷ್ಯ, ಎರಡು ಉತ್ತರ. ಕೇಳುವವರು ಯಾರು ಅನ್ನುವುದರ ಮೇಲೆ ಉತ್ತರ ಬದಲಾಯಿತು, ನಿಲುವು ಬದಲಾಗಲಿಲ್ಲ.

ಇನ್ನು ‘ಜಾರಿಕೊಳ್ಳುವುದು’ ಅನ್ನುವ ಆರೋಪಕ್ಕೆ ಬರೋಣ. ಇಲ್ಲಿ ಹಕ್ಸ್‌ಲಿಯ ಬದುಕಿನ ಒಂದು ಘಟನೆಯನ್ನು ಹೇಳಲೇಬೇಕು. 1860ರ ಸೆಪ್ಟೆಂಬರಿನಲ್ಲಿ ಅವರ ಮೊದಲ ಮಗ ನೋಯೆಲ್, ಸ್ಕಾರ್ಲೆಟ್ ಫೀವರ್ ಅನ್ನುವ ಸೋಂಕಿನ ಜ್ವರ ಬಂದು ತೀರಿಕೊಂಡ. ಮಗುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಪಾದ್ರಿಯೂ ಬರಹಗಾರರೂ ಆಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ ಸಾಂತ್ವನದ ಪತ್ರ ಬರೆದರು. ಸಾವಿನ ನಂತರವೂ ಆತ್ಮ ಉಳಿಯುತ್ತದೆ ಅಂತ ನಂಬಿದರೆ ಸಮಾಧಾನ ಸಿಗುವ ಹೊತ್ತು ಅದು. ಯಾವ ತಂದೆಗೆ ತಾನೇ ಅದು ಬೇಡ? ಹಕ್ಸ್‌ಲಿ ಉದ್ದನೆಯ ಉತ್ತರ ಬರೆದರು. ಆತ್ಮ ಅಮರ ಅನ್ನುವುದನ್ನು ನಾನು ಅಲ್ಲಗಳೆಯುವುದೂ ಇಲ್ಲ, ಒಪ್ಪುವುದೂ ಇಲ್ಲ. ನಂಬಲು ಕಾರಣ ಕಾಣುತ್ತಿಲ್ಲ, ಸುಳ್ಳು ಅನ್ನಲೂ ದಾರಿಯಿಲ್ಲ ಅಂತ ಅದರಲ್ಲಿತ್ತು. ವಾಸ್ತವದ ಎದುರು ಚಿಕ್ಕ ಮಗುವಿನಂತೆ ಕೂತುಕೊಳ್ಳಬೇಕು, ಮೊದಲೇ ಇಟ್ಟುಕೊಂಡ ಎಣಿಕೆಗಳನ್ನೆಲ್ಲ ಬಿಡಲು ತಯಾರಿರಬೇಕು ಅಂದರು.

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಮಗುವಿನ ಅಂತ್ಯಸಂಸ್ಕಾರದಲ್ಲಿ ಪಾದ್ರಿ ಬೈಬಲ್ಲಿನ ಸಾಲೊಂದನ್ನು ಓದಿದರು. ಸತ್ತವರು ಮತ್ತೆ ಏಳುವುದಿಲ್ಲವಾದರೆ ಉಣ್ಣೋಣ, ಕುಡಿಯೋಣ, ನಾಳೆ ಸಾಯುತ್ತೇವಲ್ಲ ಅನ್ನುವ ಸಾಲು. ಅದು ಹಕ್ಸ್‌ಲಿಯನ್ನು ಬಹಳ ನೋಯಿಸಿತು. ಮಗನನ್ನು ಕಳೆದುಕೊಂಡೆ ಅಂತ ನಾನು ಮನುಷ್ಯತ್ವವನ್ನೂ ಬಿಟ್ಟು ಪಶುವಾಗಬೇಕೇ? ಮರಿ ಕಳೆದುಕೊಂಡ ಕೋತಿ ಕೂಡ ತಿನ್ನಲು ಓಡುವುದಿಲ್ಲ, ದುಃಖ ತೀರುವವರೆಗೆ ದುಃಖಿಸುತ್ತದೆ ಅಂತ ಬರೆದರು. ಈ ಪತ್ರದ ನೆನಪಾದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ‘ಅಗ್ನಾಸ್ಟಿಕ್’ ಅನ್ನುವ ಹೆಸರು ಹುಟ್ಟಲು ಇನ್ನೂ ಒಂಬತ್ತು ವರ್ಷ ಬಾಕಿಯಿತ್ತು. ಆದರೆ ಆ ನಿಲುವು ಅಲ್ಲಿ ಪೂರ್ತಿಯಾಗಿ ಇತ್ತು. ಇದನ್ನು ಜಾರಿಕೊಳ್ಳುವುದು ಅನ್ನಲು ಸಾಧ್ಯವಾ? ಜಾರಿಕೊಳ್ಳುವವರು ಸುಲಭದ ಕಡೆ ಜಾರುತ್ತಾರೆ. ಇಲ್ಲಿ ಸುಲಭದ ದಾರಿ ಕಣ್ಣೆದುರಿಗೇ ಇತ್ತು. ಒಬ್ಬ ಒಳ್ಳೆಯ ಸ್ನೇಹಿತ ಅದನ್ನು ಪ್ರೀತಿಯಿಂದ ತೋರಿಸುತ್ತಿದ್ದ.

ಈ ‘ಗೊತ್ತಿಲ್ಲ’ ಪಶ್ಚಿಮದ ಸರಕು ಅಂದುಕೊಳ್ಳುವವರಿಗೆ ಋಗ್ವೇದದ ಹತ್ತನೆಯ ಮಂಡಲದ 129ನೆಯ ಸೂಕ್ತವನ್ನು ನೆನಪಿಸಬೇಕು. ಸೃಷ್ಟಿ ಎಲ್ಲಿಂದ ಬಂತು ಅಂತ ಕೇಳುತ್ತಾ ಹೋಗಿ ಕೊನೆಗೆ ಅದು ನಿಲ್ಲುವುದು ಇಲ್ಲಿ: ಮೇಲಿನ ಲೋಕದಿಂದ ಇದನ್ನು ನೋಡುತ್ತಿರುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು. ಗ್ರೀಸಿನಲ್ಲಿ ಕ್ರಿಸ್ತಪೂರ್ವ 5ನೆಯ ಶತಮಾನದ ಚಿಂತಕ ಪ್ರೊಟಾಗೊರಾಸ್ ದೇವತೆಗಳು ಇದ್ದಾರೋ ಇಲ್ಲವೋ ತಿಳಿಯೆ ಅಂದ. ವಿಷಯ ಮಸುಕು, ಆಯುಷ್ಯ ಚಿಕ್ಕದು ಅನ್ನುವುದು ಅವನು ಕೊಟ್ಟ ಕಾರಣ. ಇದಕ್ಕಿಂತ ಚೊಕ್ಕವಾಗಿ ಹೇಳಲು ನನಗೆ ಬರುವುದಿಲ್ಲ.

ಈಗ ರಾಜಕೀಯ. ಪ್ರೊಟಾಗೊರಾಸ್ ಕೊಟ್ಟ ಕಾರಣ ಇಲ್ಲಿ ನಡೆಯುವುದಿಲ್ಲ. ಯಾಕೆಂದರೆ ರಾಜಕೀಯದ ಬಹುಪಾಲು ಸಂಗತಿಗಳನ್ನು ಹುಡುಕಿದರೆ ತಿಳಿದುಕೊಳ್ಳಬಹುದು. ಯಾವ ಮಸೂದೆಗೆ ಯಾರು ಬೆಂಬಲ ಕೊಟ್ಟರು, ಬಜೆಟ್ಟಿನಲ್ಲಿ ಯಾವುದಕ್ಕೆ ಎಷ್ಟು ಇಟ್ಟರು, ಕೊಟ್ಟ ಮಾತು ಏನಾಯಿತು, ಇವೆಲ್ಲ ದಾಖಲೆಯಲ್ಲಿ ಇರುತ್ತವೆ. ದೇವರನ್ನು ಹಾಗೆ ಕಡತ ತೆಗೆದು ನೋಡಲು ಆಗುವುದಿಲ್ಲ. ತಿಳಿಯಬಹುದಾದದ್ದನ್ನು ತಿಳಿಯದೆ ಸುಮ್ನೆ ‘ಗೊತ್ತಿಲ್ಲ’ ಅಂದರೆ ಅದು ವಿನಯವಲ್ಲ, ಸೋಮಾರಿತನ. ಜತೆಗೆ ಮತದಾನದ ದಿನ ಬಂದೇ ಬರುತ್ತದೆ. ಅವತ್ತು ಮನೆಯಲ್ಲಿ ಕೂತರೂ ಒಬ್ಬರು ಗೆಲ್ಲುತ್ತಾರೆ. ಕೆಲವು ಆಯ್ಕೆಗಳನ್ನು ಮುಂದೂಡಲು ಆಗುವುದಿಲ್ಲ, ಆರಿಸದೆ ಇರುವುದೂ ಒಂದು ಆಯ್ಕೆಯೇ ಅಂತ ಅಮೆರಿಕದ ತತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1896ರಲ್ಲಿ ವಾದಿಸಿದ್ದರು. ಅವರು ಅದನ್ನು ಹೇಳಿದ್ದು ಧರ್ಮದ ವಿಷಯದಲ್ಲಿ, ಹಕ್ಸ್‌ಲಿಯಂಥವರ ವಿರುದ್ಧ. ನನ್ನ ಮಟ್ಟಿಗೆ ಆ ಮಾತು ಮತಗಟ್ಟೆಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ದೇವರ ಪ್ರಶ್ನೆಯನ್ನು ತೆರೆದಿಟ್ಟುಕೊಂಡೇ ಒಬ್ಬರ ಕಷ್ಟಕ್ಕೆ ಆಗಬಹುದು, ಅಮ್ಮನ ಪ್ರಾರ್ಥನೆಯ ಹೊತ್ತಿಗೆ ಪಕ್ಕದಲ್ಲಿ ಕೂತಿರಬಹುದು. ಮತವನ್ನು ಹಾಗೆ ತೆರೆದಿಟ್ಟುಕೊಳ್ಳಲು ಆಗುವುದಿಲ್ಲ.

ಹಾಗಾದರೆ ಪಕ್ಷವಿಲ್ಲದೆ ಇರುವುದು ತಪ್ಪಾ? ಖಂಡಿತ ಅಲ್ಲ. ತಟಸ್ಥ ಅನ್ನುವ ಪದವನ್ನೇ ನೋಡಿ. ತಟ ಅಂದರೆ ದಡ. ದಡದಲ್ಲಿ ನಿಂತವರು ತಟಸ್ಥರು. ಸ್ವತಂತ್ರ ಮತದಾರ ದಡದಲ್ಲಿ ನಿಂತಿರುವುದಿಲ್ಲ, ಪ್ರತಿ ಸಲವೂ ನೀರಿಗೆ ಇಳಿಯುತ್ತಾನೆ. ಬಿಟ್ಟುಕೊಟ್ಟಿರುವುದು ಒಂದೇ: ಒಮ್ಮೆ ಹತ್ತಿದ ದೋಣಿಯಲ್ಲೇ ಸಾಯುವವರೆಗೂ ಇರುತ್ತೇನೆ ಅನ್ನುವ ಹರಕೆ. ಸ್ವತಂತ್ರ ಅಂದರೆ ಮಧ್ಯದಲ್ಲಿ ಇರುವುದು ಅಂತಲೂ ಅಲ್ಲ. ಒಂದು ಪಕ್ಷ ಲಸಿಕೆ ಬೇಕು ಅಂದು, ಇನ್ನೊಂದು ಬೇಡ ಅಂದರೆ, ಸತ್ಯ ಅವೆರಡರ ಸರಿ ಮಧ್ಯದಲ್ಲಿ ಇರಬೇಕು ಅಂತ ನಿಯಮವಿಲ್ಲ. ಕೆಲವು ವಿಷಯದಲ್ಲಿ ಸ್ವತಂತ್ರರು ಯಾವ ಪಕ್ಷಕ್ಕಿಂತಲೂ ಗಟ್ಟಿಯಾಗಿ ಒಂದು ಕಡೆ ನಿಲ್ಲುತ್ತಾರೆ.

ಇಲ್ಲಿ ನಮ್ಮನ್ನು ನಾವೇ ಮೋಸ ಮಾಡಿಕೊಳ್ಳುವುದು ತುಂಬ ಸುಲಭ. ಅಮೆರಿಕದಲ್ಲಿ ಈ ಬಗ್ಗೆ ಬಹಳ ಸಮೀಕ್ಷೆ ನಡೆದಿದೆ. ಪ್ಯೂ ಸಂಸ್ಥೆಯ 2019ರ ವರದಿಯ ಪ್ರಕಾರ ಅಲ್ಲಿನ ಶೇ. 38ರಷ್ಟು ಜನ ತಮ್ಮನ್ನು ಸ್ವತಂತ್ರರು ಅಂದುಕೊಂಡಿದ್ದರು. ‘ಸರಿ, ಆದರೂ ಯಾವ ಕಡೆ ಸ್ವಲ್ಪ ಒಲವು?’ ಅಂತ ಇನ್ನೊಂದು ಪ್ರಶ್ನೆ ಕೇಳಿದಾಗ ಬಹುತೇಕರು ಒಂದು ಪಕ್ಷದ ಹೆಸರು ಹೇಳಿದರು. ಯಾವ ಒಲವೂ ಇಲ್ಲ ಅಂದವರು ಉಳಿದದ್ದು ಒಟ್ಟು ಜನರಲ್ಲಿ ಶೇ. 7ರಷ್ಟು ಮಾತ್ರ. ಆ ಏಳರ ಗುಂಪಿಗೆ ರಾಜಕೀಯದಲ್ಲಿ ಆಸಕ್ತಿಯೇ ಕಡಿಮೆ ಅನ್ನುವುದೂ ಗೊತ್ತಾಯಿತು. ಅಂದರೆ ಒಲವು ಇರುವುದು ತಪ್ಪಲ್ಲ. ಇದ್ದ ಒಲವನ್ನು ಇಲ್ಲ ಅಂತ ಅಂದುಕೊಳ್ಳುವುದು ತಪ್ಪು. ನಾನೂ ನನ್ನ ಹಳೆಯ ಮತಗಳನ್ನು ಸಾಲಾಗಿ ನೆನಪಿಸಿಕೊಂಡಾಗ ಒಂದೇ ಕಡೆಗೆ ಜಾಸ್ತಿ ವಾಲಿದ್ದು ಕಂಡಿತು. ಅದನ್ನು ಒಪ್ಪಿಕೊಂಡ ಮೇಲೆಯೇ ಆ ಪಕ್ಷದವರು ಹೇಳಿದ್ದನ್ನೂ ಪರೀಕ್ಷಿಸಿ ನೋಡಲು ಶುರು ಮಾಡಿದೆ.

‘ಎಲ್ಲರೂ ಕಳ್ಳರೇ’ ಅನ್ನುವ ಮಾತಿದೆಯಲ್ಲ, ಅದನ್ನು ಮಾತ್ರ ಸ್ವತಂತ್ರ ನಿಲುವು ಅಂತ ಕರೆಯಬೇಡಿ. ಅದು ಯಾರನ್ನೂ ನೋಡದೆ ಎಲ್ಲರ ಮೇಲೂ ಒಟ್ಟಿಗೆ ಕೊಟ್ಟ ತೀರ್ಪು. ಪಕ್ಷಕ್ಕೆ ಕಣ್ಣು ಮುಚ್ಚಿ ಜೈ ಅನ್ನುವವರೂ ನೋಡುವ ಕಷ್ಟ ಪಡುವುದಿಲ್ಲ, ಇವರೂ ಪಡುವುದಿಲ್ಲ.

ಪಕ್ಷಗಳನ್ನು ಸುಮ್ನೆ ಹೀಗಳೆಯುವುದೂ ಸರಿಯಲ್ಲ. ಚದುರಿದ ಸಾವಿರಾರು ಬೇಡಿಕೆಗಳನ್ನು ಒಟ್ಟು ಮಾಡಿ ಒಂದು ಕಾರ್ಯಕ್ರಮ ಮಾಡುವುದು, ಸೋತ ಮೇಲೂ ಐದು ವರ್ಷ ಪ್ರಶ್ನೆ ಕೇಳುತ್ತಾ ಕೂರುವುದು ಬಿಡಿ ವ್ಯಕ್ತಿಗಳಿಂದ ಆಗುವ ಕೆಲಸವಲ್ಲ. ಜಾರ್ಜ್ ವಾಷಿಂಗ್ಟನ್ ಯಾವ ಪಕ್ಷಕ್ಕೂ ಸೇರದೆ ಅಮೆರಿಕದ ಅಧ್ಯಕ್ಷರಾದರು. 1796ರ ವಿದಾಯ ಸಂದೇಶದಲ್ಲಿ ಪಕ್ಷಾಭಿಮಾನದ ಅಪಾಯದ ಬಗ್ಗೆ ಎಚ್ಚರಿಸಿದರು. ಅಷ್ಟು ಹೊತ್ತಿಗೆ ಅವರದೇ ಸಂಪುಟದಲ್ಲಿದ್ದ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಸುತ್ತ ಎರಡು ಪಕ್ಷ ಬೆಳೆದಾಗಿತ್ತು. ಪಕ್ಷಗಳಿಲ್ಲದೆ ನಡೆಯುವ ಶಾಸನಸಭೆಗಳು ಇವತ್ತೂ ಇವೆ. ಪೆಸಿಫಿಕ್ ಸಾಗರದ ತುವಾಲು, ಕೆನಡಾದ ನುನಾವುಟ್ ಅಂಥವು. ಆದರೆ ಎರಡೂ ಕಡೆ ಜನಸಂಖ್ಯೆ ಬಹಳ ಚಿಕ್ಕದು. ದೊಡ್ಡ ದೇಶಗಳಲ್ಲಿ ಪಕ್ಷದ ಹೊರಗೆ ನಿಲ್ಲುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಪಕ್ಷದ ಪಟ್ಟಿಯಲ್ಲಿ ಹೆಸರಿಲ್ಲದವರು ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ಒಳಗೆ ಮಾತಾಡುವ ಅವಕಾಶ ಹೋಗುತ್ತದೆ ಅನ್ನುವುದು ಗೊತ್ತಿದ್ದೇ ಹೊರಗಿರಬೇಕು.

ಹಾಗಾಗಿ ಮನೆಯವರು ಇನ್ನೊಮ್ಮೆ ಕೇಳಿದಾಗ ಒಂದೇ ಪದದ ಉತ್ತರ ಕೊಡಬೇಡಿ. ಒಂದೇ ಪದ ಹೇಳಿ ಎದ್ದು ಹೋದರೆ ಅವರಿಗೆ ಜಾರಿಕೊಂಡ ಹಾಗೇ ಕಾಣುತ್ತದೆ, ಅಲ್ವಾ? ರಾಜಕೀಯದ ಬಗ್ಗೆ ಆದರೆ, ‘ಕಳೆದ ಸಲ ಈ ಎರಡು ಕಾರಣಕ್ಕೆ ಹೀಗೆ ಹಾಕಿದೆ, ಅದರಲ್ಲಿ ಒಂದು ಸುಳ್ಳಾಯಿತು, ಈ ಸಲ ಇದನ್ನು ನೋಡುತ್ತಿದ್ದೇನೆ’ ಅಂತ ಹೇಳಿ. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಕಾರಣವನ್ನಾದರೂ ಹೇಳಿ. ದೇವರ ಬಗ್ಗೆ ಆದರೆ, 1879ರಲ್ಲಿ 70 ವರ್ಷದ ಚಾರ್ಲ್ಸ್ ಡಾರ್ವಿನ್ ಇದೇ ಪ್ರಶ್ನೆಗೆ ಪತ್ರದಲ್ಲಿ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಮನಸ್ಸು ಎಷ್ಟೇ ಹೊಯ್ದಾಡಿದರೂ ದೇವರಿಲ್ಲ ಅನ್ನುವ ನಾಸ್ತಿಕ ನಾನು ಯಾವತ್ತೂ ಆಗಿಲ್ಲ ಅಂದರು. ಸಾಮಾನ್ಯವಾಗಿ, ವಯಸ್ಸಾದಂತೆ ಇನ್ನೂ ಹೆಚ್ಚಾಗಿ, ಅಗ್ನಾಸ್ಟಿಕ್ ಅನ್ನುವುದೇ ನನಗೆ ಸರಿಯಾದ ಹೆಸರು ಅಂದರು. ನಡುವೆ ಒಂದು ಸಣ್ಣ ಮಾತು ಸೇರಿಸಿದ್ದರು: ಆದರೆ ಯಾವಾಗಲೂ ಅಲ್ಲ.