ಮೊಡವೆಗೆ ಸ್ಯಾಲಿಸಿಲಿಕ್ ಆ್ಯಸಿಡ್: ಡಬ್ಬಿ ಮೇಲಿನ 2% ಅಂದರೆ ಎಷ್ಟು?

ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಲ್ಯಾಬಿನಲ್ಲಿ ನನಗೆ ಸ್ಯಾಲಿಸಿಲಿಕ್ ಆ್ಯಸಿಡ್ ಪರಿಚಯ ಆಗಿದ್ದು ಸೀನಿನಿಂದ. ಬಾಟಲಿಯ ಮುಚ್ಚಳ ತೆಗೆದು ಪುಡಿ ತೂಗುವಷ್ಟರಲ್ಲಿ ಪಕ್ಕದವಳು ಸೀನಿದಳು. ಆಮೇಲೆ ನಮ್ಮ ಸಾಲಿಗೆ ಸಾಲೇ ಸೀನಿತು. ಸೂಜಿಯಂಥ ಬಿಳಿ ಹರಳು, ತುಂಬಾ ಹಗುರ. ಫ್ಯಾನ್ ಗಾಳಿ ಸಾಕು, ಹಾರಿ ಬಂದು ಮೂಗು, ಗಂಟಲು ಕೆರೆಸುತ್ತದೆ. ಅವತ್ತು ಮಾಡಬೇಕಿದ್ದದ್ದು ವಿಟ್‌ಫೀಲ್ಡ್ ಮುಲಾಮು: 3% ಸ್ಯಾಲಿಸಿಲಿಕ್, 6% ಬೆಂಜೋಯಿಕ್ ಆ್ಯಸಿಡ್. ಹುಳುಕಡ್ಡಿಗೆ ಹಚ್ಚುವ ಹಳೇ ಮುಲಾಮು. ಸಂಜೆ ರೂಮಿಗೆ ಬಂದು ಫೇಸ್‌ವಾಶ್ ಟ್ಯೂಬ್ ತಿರುಗಿಸಿ ನೋಡಿದರೆ ಅಲ್ಲೂ ಅದೇ ಹೆಸರು!

ಈ ಟಿಪ್ಪಣಿ ಶುರುವಾಗಿದ್ದು ಅಲ್ಲಿಂದ. ಒಂದೇ ಪುಡಿ, ಆದರೆ ಪ್ರಮಾಣ ಬದಲಾದ ಹಾಗೆ ಕೆಲಸವೂ ಬದಲಾಗುತ್ತದೆ. ಮೊಡವೆಗೆ 0.5ರಿಂದ 2%. ನರಹುಲಿಗೆ ಹಚ್ಚುವ ದ್ರಾವಣದಲ್ಲಿ ಸುಮಾರು 17%. ಕಾಲಿನ ಆಣಿಗೆ ಅಂಟಿಸುವ ಪಟ್ಟಿಯಲ್ಲಿ 40%. ಮೆಡಿಕಲ್ ಶಾಪ್ ಕೌಂಟರಿನಲ್ಲಿ ನಿಂತಾಗ ಇದು ಬಾಯಿಗೇ ಬರಬೇಕು. ‘ಎರಡರಲ್ಲೂ ಅದೇ ಇದೆಯಲ್ಲ’ ಅಂತ ಆಣಿಯ ಔಷಧಿಯನ್ನು ಮುಖಕ್ಕೆ ಹಚ್ಚಿಕೊಂಡರೆ ಮೊಡವೆಯ ಜೊತೆಗೆ ಸುಟ್ಟ ಕಲೆಯೂ ಬರುತ್ತದೆ.

ಮೊದಲು ಮೊಡವೆ ಆಗುವುದು ಹೇಗೆ ಅಂತ ಎರಡು ಮಾತು. ಕೂದಲಿನ ಬುಡದ ಕೊಳವೆಯಲ್ಲಿ ಎಣ್ಣೆ ಜಾಸ್ತಿ ಬರುತ್ತದೆ. ಒಳಗೋಡೆಯಿಂದ ಉದುರಬೇಕಾದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ. ಆ ಬಿರಡೆಯೇ ಕೊಮೆಡೊ. ಬಾಯಿ ಮುಚ್ಚಿದ್ದರೆ ಬಿಳಿ ಗುಳ್ಳೆ, ತೆರೆದಿದ್ದರೆ ಬ್ಲ್ಯಾಕ್‌ಹೆಡ್. ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆಯಲ್ಲ, ಹಾಗಾಗಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇನ್ನು ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಆ ಎಣ್ಣೆಯಲ್ಲೇ ಬೆಳೆಯುತ್ತದೆ, ಉರಿಯೂತ ಶುರುವಾಗುತ್ತದೆ, ಗುಳ್ಳೆ ಕೆಂಪಾಗಿ ನೋಯುತ್ತದೆ. ಹಳೇ ಪುಸ್ತಕಗಳಲ್ಲಿ ಇದರ ಹೆಸರು ಪ್ರೊಪಿಯೋನಿಬ್ಯಾಕ್ಟೀರಿಯಂ ಎಂದಿರುತ್ತದೆ. ಎರಡೂ ಒಂದೇ, ಗಾಬರಿ ಬೇಡ.

ನಮ್ಮ ಆ್ಯಸಿಡ್ ಕೈ ಹಾಕುವುದು ಆ ಬಿರಡೆಗೆ. ಹಳೇ ನೋಟ್ಸ್‌ಗಳಲ್ಲಿ ಇದನ್ನು ‘ಕೆರಟೋಲಿಟಿಕ್’ ಎನ್ನುತ್ತಾರೆ, ಅಂದರೆ ಕೆರಟಿನ್ ಕರಗಿಸುವುದು. ಆದರೆ ಮೊಡವೆಗೆ ಬಳಸುವ ಪ್ರಮಾಣದಲ್ಲಿ ಅದು ಕೆರಟಿನ್ ಕರಗಿಸುವುದಿಲ್ಲ. ಕೋಶ ಕೋಶದ ನಡುವಿನ ಹಿಡಿತ ಸಡಿಲಿಸುತ್ತದೆ. ಇಟ್ಟಿಗೆ ಪುಡಿಯಾಗುವುದಿಲ್ಲ, ನಡುವಿನ ಗಾರೆ ಬಿಡುತ್ತದೆ. ಅದಕ್ಕೆ ‘ಡೆಸ್ಮೊಲಿಟಿಕ್’ ಎನ್ನುವುದು ಹೆಚ್ಚು ಸರಿ. ಇದು ಆಸ್ಪಿರಿನ್ ಮನೆತನದ್ದಾದ್ದರಿಂದ ಉರಿಯೂತವನ್ನೂ ಸ್ವಲ್ಪ ತಗ್ಗಿಸುತ್ತದೆ.

ಮನೆತನ ಅಂದೆನಲ್ಲ, ಅದರ ಮೂಲ ವಿಲ್ಲೋ ಮರ. ಕ್ರಿಕೆಟ್ ಬ್ಯಾಟ್ ಮಾಡುತ್ತಾರಲ್ಲ, ಅದೇ ಕುಲ. ಲ್ಯಾಟಿನ್‌ನಲ್ಲಿ ಅದು ಸ್ಯಾಲಿಕ್ಸ್, ಹೆಸರು ಹುಟ್ಟಿದ್ದು ಅಲ್ಲಿಂದ. 1838ರಲ್ಲಿ ಇಟಲಿಯ ರಫಾಯೆಲೆ ಪಿರಿಯಾ ತೊಗಟೆಯ ಸ್ಯಾಲಿಸಿನ್‌ನಿಂದ ಈ ಆಮ್ಲ ಪಡೆದ. ಇನ್ನೊಬ್ಬ ನೆಂಟ ನೋವಿನ ಮುಲಾಮಿನ ಘಾಟು ವಾಸನೆಯ ಮೀಥೈಲ್ ಸ್ಯಾಲಿಸಿಲೇಟ್. ನೀಲಗಿರಿ ಬೆಟ್ಟಗಳ ವಿಂಟರ್‌ಗ್ರೀನ್ ಎಣ್ಣೆಯ ತುಂಬಾ ಇರುವುದು ಅದೇ. ನೆಂಟ ಅಂದ ಮಾತ್ರಕ್ಕೆ ನೋವಿನ ಬಾಮ್ ಮೊಡವೆಗೆ ಹಚ್ಚುವುದಲ್ಲ ಮತ್ತೆ!

ಈಗ ನನಗೆ ತುಂಬಾ ಇಷ್ಟವಾದ ಭಾಗ. ಲೇಬಲ್‌ನಲ್ಲಿ 2% ಅಂತ ಇದ್ದರೆ 100 ಗ್ರಾಂಗೆ 2 ಗ್ರಾಂ. ಆದರೆ ಬರೀ ನೀರಿಗೆ ಹಾಕಿ ನೋಡಿ: 100 ಮಿಲಿಯಲ್ಲಿ ಕರಗುವುದು ಸುಮಾರು 0.2 ಗ್ರಾಂ ಮಾತ್ರ. ಉಳಿದದ್ದು ಮೇಲೆ ತೇಲುತ್ತದೆ, ಇಲ್ಲಾ ತಳಕ್ಕೆ ಕೂರುತ್ತದೆ. ಅದೇ ಸ್ಪಿರಿಟ್‌ನಲ್ಲಾದರೆ 3 ಮಿಲಿಗೇ 1 ಗ್ರಾಂ ಕರಗಿಹೋಗುತ್ತದೆ. ನೀರಿಗಿಂತ ಎಣ್ಣೆಯನ್ನೇ ಹೆಚ್ಚು ಒಪ್ಪುವ ಗುಣ ಇದು. ಜಿಡ್ಡು ತುಂಬಿದ ಕೊಳವೆಯೊಳಗೆ ಇಳಿಯಲು ಅನುಕೂಲ. ಕಬ್ಬಿನಲ್ಲಿ ಸಿಗುವ ಗ್ಲೈಕಾಲಿಕ್ ಆ್ಯಸಿಡ್ ನೀರಿನ ಕಡೆಯದು. ಚರ್ಮದ ಮೇಲ್ಪದರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎಣ್ಣೆಯ ಬಿರಡೆಯೊಳಗೆ ಇದರಷ್ಟು ಸಲೀಸಾಗಿ ಹೋಗುವುದಿಲ್ಲ.

ಹಾಗಾದರೆ ನೀರಿನಂಥ ಸೀರಮ್‌ನಲ್ಲಿ 2% ಕೂರಿಸುವುದು ಹೇಗೆ? ಎರಡು ದಾರಿ. ಒಂದು, ಗ್ಲೈಕಾಲ್ ಅಥವಾ ಆಲ್ಕೋಹಾಲ್ ಸೇರಿಸುವುದು. ಇನ್ನೊಂದು, ಕ್ಷಾರ ಹಾಕಿ ಪಿಎಚ್ (ಹುಳಿಯ ಅಳತೆ, ಅಂಕಿ ಕಮ್ಮಿಯಾದಷ್ಟು ಹುಳಿ ಜಾಸ್ತಿ) ಏರಿಸುವುದು. ಪಿಎಚ್ ಏರಿದರೆ ಆಮ್ಲ ಲವಣವಾಗಿ ನೀರಲ್ಲಿ ಸಲೀಸಾಗಿ ಕರಗುತ್ತದೆ. ಎಡವಟ್ಟಾಗುವುದು ಇಲ್ಲೇ. ಚರ್ಮದೊಳಗೆ ಚೆನ್ನಾಗಿ ಇಳಿಯುವುದು ಲವಣವಾಗದೆ ಉಳಿದ ಆಮ್ಲ. ಸ್ಯಾಲಿಸಿಲಿಕ್ ಆ್ಯಸಿಡ್‌ನ ಪಿಕೆಎ (ಅರ್ಧ ಆಮ್ಲವಾಗಿ, ಅರ್ಧ ಲವಣವಾಗಿ ಇರುವ ಪಿಎಚ್) 2.97. ಹೆಂಡರ್‌ಸನ್–ಹ್ಯಾಸೆಲ್‌ಬಾಲ್ಕ್ ಸೂತ್ರ ನೆನಪಿದೆ ಅಲ್ವಾ, ಪಿಎಚ್ ಮತ್ತು ಪಿಕೆಎಯಿಂದ ಎಷ್ಟು ಭಾಗ ಆಮ್ಲವಾಗಿ ಉಳಿದಿದೆ ಅಂತ ಲೆಕ್ಕ ಹಾಕುವುದು? ಅಂಕಿ ಹಾಕಿ ನೋಡಿ. ಪಿಎಚ್ 3ರಲ್ಲಿ ಅರ್ಧದಷ್ಟು ಆಮ್ಲವಾಗಿಯೇ ಇರುತ್ತದೆ. ಪಿಎಚ್ 4ಕ್ಕೆ ಬಂದರೆ 100ರಲ್ಲಿ 8–9 ಭಾಗ. ಪಿಎಚ್ 5ಕ್ಕೆ ಬರೀ 1 ಭಾಗ. ಅಂದರೆ ಡಬ್ಬಿ ಎರಡರ ಮೇಲೂ 2% ಎಂದೇ ಇರಬಹುದು, ಒಂದರ ಪಿಎಚ್ 3.5, ಇನ್ನೊಂದರದ್ದು 5.5 ಆದರೆ ಎರಡೂ ಒಂದೇ ಔಷಧಿಯಲ್ಲ. ‘ಎಷ್ಟು ಪರ್ಸೆಂಟ್?’ ಅಂತ ಎಲ್ಲರೂ ಕೇಳುತ್ತಾರೆ, ಪಿಎಚ್ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಫೇಸ್‌ವಾಶ್‌ನಲ್ಲಿ ಇನ್ನೊಂದು ತೊಂದರೆ, ಸಮಯ. ನೊರೆ ಮಾಡಿ ಅರ್ಧ ನಿಮಿಷದಲ್ಲಿ ತೊಳೆದುಬಿಟ್ಟರೆ ಅದು ಒಳಗೆ ಇಳಿಯುವುದು ಯಾವಾಗ? ಅದಕ್ಕೇ ಹಚ್ಚಿ ಬಿಡುವ ಸೀರಮ್ ಅಥವಾ ಜೆಲ್‌ಗೆ ಹೆಚ್ಚು ಕಸುವು. ಹಾಗಂತ ಫೇಸ್‌ವಾಶ್ ದಂಡ ಅಂತಲ್ಲ. ಚರ್ಮ ಸೂಕ್ಷ್ಮ ಇದ್ದವರಿಗೆ ಆ ಮೆಲುವೇ ಒಳ್ಳೆಯದು.

ಲ್ಯಾಬಿನ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ, ಪರೀಕ್ಷೆಗೂ ಬೇಕಾಗುತ್ತದೆ. ಇದರ ದ್ರಾವಣಕ್ಕೆ ಫೆರಿಕ್ ಕ್ಲೋರೈಡ್ ಎರಡು ಹನಿ ಬಿದ್ದರೆ ಕಡು ನೇರಳೆ ಬಣ್ಣ ಬರುತ್ತದೆ. ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ಕಬ್ಬಿಣ ಕಂಡರೆ ಬಣ್ಣ ತಿರುಗುತ್ತದೆ ಅಂತಾಯಿತು. ಅದಕ್ಕೇ ಮುಲಾಮು ಕಲಸುವಾಗ ತುಕ್ಕು ಹಿಡಿದ ಸ್ಪ್ಯಾಚುಲಾ ಮುಟ್ಟಬೇಡಿ. ಪುಡಿಯನ್ನು ಜರಡಿ ಹಿಡಿದು, ಮೊದಲು ಸ್ವಲ್ಪವೇ ಬೇಸ್ (ಮುಲಾಮಿನ ಜಿಡ್ಡು) ಹಾಕಿ ಟೈಲ್ ಮೇಲೆ ನುಣ್ಣಗೆ ಉಜ್ಜಿ, ಆಮೇಲೆ ಉಳಿದದ್ದು ಸೇರಿಸಿ. ಅವಸರ ಮಾಡಿದರೆ ಹರಳು ಹಾಗೇ ಉಳಿದು ಕೈಗೆ ಮರಳಿನಂತೆ ಸಿಗುತ್ತದೆ. ನನ್ನದು ಸಿಕ್ಕಿತ್ತು. ಮತ್ತೆ ಮಾಡಿಸಿದರು.

ಬಳಸುವ ರೀತಿ. ಇಲ್ಲಿ ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಬೆಳಗ್ಗೆ 2% ಫೇಸ್‌ವಾಶ್, ರಾತ್ರಿ 2% ಸೀರಮ್, ಮಧ್ಯೆ ಸ್ಕ್ರಬ್ ಬೇರೆ. ಐದನೇ ದಿನ ಮೂಗಿನ ಪಕ್ಕ ಸಿಪ್ಪೆ ಎದ್ದಿತು, ನೀರು ಬಿದ್ದರೂ ಉರಿ. ಬೇಗ ಹೋಗಲಿ ಅಂತ ಮಾಡಿದ್ದು, ಎರಡು ವಾರ ಎಲ್ಲ ನಿಲ್ಲಿಸಿ ಸುಮ್ನೆ ಮಾಯಿಶ್ಚರೈಸರ್ ಹಚ್ಚಿಕೊಂಡು ಕೂರಬೇಕಾಯಿತು. ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ: ಯಾವುದಾದರೂ ಒಂದೇ ರೂಪ ಇಟ್ಟುಕೊಳ್ಳಿ. ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ಮೂರು ದಿನ ನೋಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಇದನ್ನೇ ಹೇಳಿತು. ಅಪರೂಪಕ್ಕೆ ಕೆಲವರಿಗೆ ಮುಖ ಊದಿ, ಉಸಿರು ಕಟ್ಟುವಷ್ಟು ಅಲರ್ಜಿ ಆಗಿತ್ತು. ಆಮೇಲೆ ವಾರಕ್ಕೆ ಎರಡು-ಮೂರು ರಾತ್ರಿ ಹಚ್ಚಿ, ಒಗ್ಗಿದರೆ ಹೆಚ್ಚಿಸಿ. ಬಿರಡೆ ಕಟ್ಟುವುದಕ್ಕೇ ವಾರಗಟ್ಟಲೆ ಬೇಕು, ಬಿಡುವುದಕ್ಕೂ ಅಷ್ಟೇ. 8–12 ವಾರಕ್ಕೆ ಮುಂಚೆ ತೀರ್ಪು ಕೊಡಬೇಡಿ.

ಹಗಲು ಸನ್‌ಸ್ಕ್ರೀನ್ ಬೇಕು. ನಮ್ಮ ಕಂದು ಚರ್ಮಕ್ಕೆ ಮೊಡವೆಗಿಂತ ಅದು ಬಿಟ್ಟುಹೋಗುವ ಕಪ್ಪು ಕಲೆಯೇ ದೊಡ್ಡ ತಲೆನೋವು, ಬಿಸಿಲು ಅದನ್ನು ಇನ್ನಷ್ಟು ಕಪ್ಪು ಮಾಡುತ್ತದೆ.

ಕೌಂಟರಿನಲ್ಲಿ ಡಬ್ಬಿ ಕೊಡುವ ಮುಂಚೆ ಮೂರ್ನಾಲ್ಕು ಪ್ರಶ್ನೆ ಕೇಳಿ. ಆಸ್ಪಿರಿನ್ ಅಲರ್ಜಿ ಇದೆಯಾ? ಗರ್ಭಿಣಿಯಾ? ಹೌದು ಅಂದರೆ ಡಾಕ್ಟರನ್ನು ಕೇಳದೆ ಬೇಡ. ಮಕ್ಕಳಿಗೆ, ಅಥವಾ ಮೈತುಂಬಾ ಹಚ್ಚಲು ಬೇಕು ಅಂದರೂ ಬೇಡ. ರಕ್ತಕ್ಕೆ ಜಾಸ್ತಿ ಸೇರಿದರೆ ಕಿವಿ ಗುಂಯ್ ಅನ್ನುತ್ತದೆ, ವಾಂತಿ ಬರುತ್ತದೆ. ಅದರ ಹೆಸರು ಸ್ಯಾಲಿಸಿಲಿಸಂ. ಕೊನೆಯ ಪ್ರಶ್ನೆ ಮುಖ್ಯ: ‘ಬೆಳ್ಳಗಾಗಲು ಏನಾದರೂ ಕ್ರೀಮ್ ಹಚ್ಚುತ್ತಿದ್ದಿರಾ ಅಕ್ಕಾ?’ ಸ್ಟೀರಾಯ್ಡ್ ಬೆರೆಸಿದ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿ ಬಿಟ್ಟ ಮೇಲೆ ಏಳುವ ಗುಳ್ಳೆಗಳು ನೋಡಲು ಮೊಡವೆಯೇ. ಅಲ್ಲಿ ಚರ್ಮ ಆಗಲೇ ತೆಳ್ಳಗಾಗಿರುತ್ತದೆ, ಆ್ಯಸಿಡ್ ಹಚ್ಚಿದರೆ ಬೆಂಕಿಗೆ ತುಪ್ಪ. ನೇರ ಚರ್ಮದ ಡಾಕ್ಟರ ಹತ್ತಿರ ಕಳಿಸಿ.

ಇದೇ ಮೊಡವೆಗೆ ರಾಮಬಾಣ ಅಂತಲೂ ತಿಳಿಯಬೇಡಿ. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ 2024ರ ಮಾರ್ಗಸೂಚಿ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಹಚ್ಚುವ, ವಿಟಮಿನ್ ಎ ಬಳಗದ ರೆಟಿನಾಯ್ಡ್‌ಗಳಿಗೆ ಬಲವಾದ ಶಿಫಾರಸು ಕೊಟ್ಟು, ಸ್ಯಾಲಿಸಿಲಿಕ್ ಆ್ಯಸಿಡ್‌ಗೆ ಷರತ್ತಿನ, ಅಂದರೆ ಅಷ್ಟು ಬಲವಿಲ್ಲದ, ಶಿಫಾರಸು ಕೊಟ್ಟಿದೆ. ಬ್ಲ್ಯಾಕ್‌ಹೆಡ್, ಸಣ್ಣ ಗುಳ್ಳೆಗಳಿಗೆ ಇದು ಸಾಕಾಗಬಹುದು. ಆಳದಲ್ಲಿ ಗಂಟು ಕಟ್ಟಿ ನೋಯುವ ಮೊಡವೆಗೆ ಸಾಲದು.

ವೈವಾದಲ್ಲಿ ನನಗೆ ಬಂದ ಪ್ರಶ್ನೆ ಪೀಲ್ ಬಗ್ಗೆ, ಅಂದರೆ ಆ್ಯಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಚಿಕಿತ್ಸೆ. ಕ್ಲಿನಿಕ್‌ನಲ್ಲಿ ಡಾಕ್ಟರು 20–30% ದ್ರಾವಣ ಹಚ್ಚುತ್ತಾರೆ, ಮನೆಯಲ್ಲಿ ಮಾಡುವಂಥದ್ದಲ್ಲ. ಹಚ್ಚಿದ ಸ್ವಲ್ಪ ಹೊತ್ತಿಗೇ ಮುಖದ ಮೇಲೆ ಬಿಳಿ ಪದರ ಕಾಣುತ್ತದೆ. ‘ಚರ್ಮ ಸುಟ್ಟಿತಾ?’ ಅಂತ ಕೇಳಿದರು. ನಾನು ಹೌದು ಅಂದುಬಿಟ್ಟೆ. ತಪ್ಪು. ಆಲ್ಕೋಹಾಲ್ ಆರಿಹೋಗಿ ಉಳಿದ ಆ್ಯಸಿಡ್ ಮತ್ತೆ ಹರಳಾಗಿದೆ ಅಷ್ಟೇ. ಅದರ ಹೆಸರು ಸೂಡೋಫ್ರಾಸ್ಟ್. ಲ್ಯಾಬಿನಲ್ಲಿ ನಮ್ಮನ್ನು ಸೀನಿಸಿದ್ದು ಅದೇ ಬಿಳಿ ಪುಡಿ.