ಸಮುದ್ರದ ಉಪ್ಪಿಗೆ ವೈರಸ್ ಸಾಯುವುದಿಲ್ಲವೇ?

ಪ್ರಶ್ನೆ: ಡಿಸೆಂಬರ್ ರಜೆಗೆ ಮಕ್ಕಳೊಂದಿಗೆ ಕರಾವಳಿಗೆ ಹೊರಟಿದ್ದೇವೆ. ಸಮುದ್ರ ಸ್ನಾನದಿಂದ ವಾಂತಿಭೇದಿಯ ವೈರಸ್ ತಗಲುತ್ತದೆಯೇ? ಉಪ್ಪುನೀರಿನಲ್ಲಿ ಅವು ಸಾಯುತ್ತವಂತಲ್ಲ? ಅದನ್ನು ಹೇಗೆ ಪತ್ತೆ ಹಚ್ಚುತ್ತಾರೆ? – ಓದುಗರು, ಮಂಡ್ಯ

ರಜೆ ಹತ್ತಿರವಾದರೆ ಸಾಕು, ಮೈಸೂರು, ಮಂಡ್ಯಗಳಿಂದ ಈ ಪ್ರಶ್ನೆ ಬಂದೇ ಬರುತ್ತದೆ, ಉಪ್ಪಿನ ಮಾತೂ ಜೊತೆಗಿರುತ್ತದೆ. ಎಷ್ಟು ಸಲ ಹೇಳಿದರೂ ಹೋಗದ ಆ ನಂಬಿಕೆಯನ್ನೇ ಮೊದಲು ನೋಡೋಣ.

ಉಪ್ಪಿನಕಾಯಿ ಕೆಡುವುದಿಲ್ಲವಲ್ಲ ಎಂದು ವಾದಿಸುತ್ತೀರಿ. ಉಪ್ಪಿನಕಾಯಿಯಲ್ಲಿ ಉಪ್ಪು ಸೂಕ್ಷ್ಮಜೀವಿಯ ಕೋಶದೊಳಗಿನ ನೀರನ್ನು ಹೀರಿ ಅದನ್ನು ಅಡಗಿಸುತ್ತದೆ. ವೈರಸ್‌ಗೆ ಕೋಶವೇ ಇಲ್ಲ, ಹೀರುವುದೇನನ್ನು? ವಾಂತಿಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್‌ಗಳಿಗೆ ಕೊರೊನಾಗಿದ್ದಂತಹ ಕೊಬ್ಬಿನ ಹೊದಿಕೆಯೂ ಇಲ್ಲ. ಒಳಗೆ ಆರ್‌ಎನ್‌ಎ, ಸುತ್ತ ಗಟ್ಟಿಯಾದ ಪ್ರೋಟೀನ್ ಚಿಪ್ಪು, ಅಷ್ಟೇ. ಜಠರದ ಆಮ್ಲವನ್ನೇ ದಾಟಿ ಕರುಳು ಸೇರುವ ಇವಕ್ಕೆ ಲೀಟರಿಗೆ 35 ಗ್ರಾಂ ಉಪ್ಪು ಯಾವ ಲೆಕ್ಕ? ಬಾಯಿಯ ಮೂಲಕ ಹಾಕುವ ಪೋಲಿಯೋ ಹನಿಯಲ್ಲಿ ಜೀವಂತ ವೈರಸ್ ಕೆಡದಿರಲೆಂದು ಬಳಸುವುದು ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣವನ್ನೇ. ಹನಿಯಲ್ಲಿ ಅದರ ಪ್ರಮಾಣ ಸಮುದ್ರದಲ್ಲಿರುವುದಕ್ಕಿಂತ ಬಹಳ ಹೆಚ್ಚು, ಆದರೂ ವೈರಸ್‌ಗೆ ಅದು ರಕ್ಷಣೆ! ಸಮುದ್ರದಲ್ಲಿ ವೈರಸ್ ನಿಧಾನವಾಗಿ ಕೆಡುವುದು ಬಿಸಿಲಿಗೆ, ಬೆಚ್ಚಗಿನ ನೀರಿಗೆ, ಇತರ ಸೂಕ್ಷ್ಮಜೀವಿಗಳಿಗೆ. ತಳದ ಕೆಸರಿಗೆ ಅಂಟಿಕೊಂಡರೆ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ.

ಉಪ್ಪುನೀರಿನಲ್ಲಿ ಬೇಗ ಸಾಯುವುದು ಇ. ಕೋಲಿಯಂತಹ ಬ್ಯಾಕ್ಟೀರಿಯಾ. ತೊಡಕಿರುವುದೇ ಅಲ್ಲಿ. ನಮ್ಮ ದೇಶದ ಮಾನದಂಡದಂತೆ ಸಮುದ್ರ ಸ್ನಾನದ 100 ಮಿ.ಲೀ. ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್ (ನೀರಿಗೆ ಮಲ ಸೇರಿದೆಯೇ ಎಂದು ತಿಳಿಯಲು ಎಣಿಸುವ, ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾ ಗುಂಪು) 100ರ ಒಳಗಿರಬೇಕು. ವೈರಸ್‌ಗೆ ಮಿತಿಯನ್ನೇ ಹೇಳಿಲ್ಲ. ಕೋಲಿಫಾರ್ಮ್ ಸತ್ತು ವರದಿ ಚೆನ್ನಾಗಿ ಬಂದರೂ ವೈರಸ್ ಉಳಿದಿರಬಹುದು. ಯುರೋಪ್, ಅಮೆರಿಕಗಳಲ್ಲಿ ಉಪ್ಪುನೀರನ್ನು ಹೆಚ್ಚು ತಾಳುವ ಎಂಟೆರೊಕಾಕೈ ಎಂಬ ಕರುಳಿನ ಬ್ಯಾಕ್ಟೀರಿಯಾ ಎಣಿಸಲು ಇದೂ ಒಂದು ಕಾರಣ.

ವೈರಸ್ಸನ್ನೇ ಹುಡುಕಬೇಕಾದರೆ ಲೋಟ ನೀರು ಸಾಲದು. ಹತ್ತಾರು ಲೀಟರ್ ನೀರಿಗೆ ಆಮ್ಲ ಬೆರೆಸಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುತ್ತಾರೆ. ಪೊರೆಗೆ ಅಂಟಿದ ಕಣಗಳನ್ನು ಕ್ಷಾರೀಯ ದ್ರಾವಣದಲ್ಲಿ ಬಿಡಿಸಿ, ಕೆಲವೇ ಮಿಲಿಲೀಟರಿಗೆ ಇಳಿಸಿ, ಕೊರೊನಾ ಕಾಲದಿಂದ ನಿಮಗೂ ಪರಿಚಿತವಾದ ಆರ್‌ಟಿ-ಪಿಸಿಆರ್ ಮಾಡುತ್ತಾರೆ. ಆದರೆ ಪಿಸಿಆರ್‌ಗೆ ಸೋಂಕು ತಗಲಿಸಬಲ್ಲ ವೈರಸ್ಸೂ ಒಂದೇ, ನಿಷ್ಕ್ರಿಯವಾದದ್ದೂ ಒಂದೇ. ಆ ವ್ಯತ್ಯಾಸ ತಿಳಿಯಲು ಜೀವಕೋಶಗಳಲ್ಲಿ ಬೆಳೆಸಿ ದಿನಗಟ್ಟಲೆ ಕಾಯಬೇಕು.

ಧಾರಾಳವಾಗಿ ಹೋಗಿಬನ್ನಿ. ಚರಂಡಿ, ಹಳ್ಳ ಬಂದು ಸೇರುವ ಕಡೆ ಇಳಿಯಬೇಡಿ. ದೊಡ್ಡ ಮಳೆಯ ಮರುದಿನ ಬೇಡವೇ ಬೇಡ. ಮಕ್ಕಳು ನೀರು ನುಂಗದಂತೆ ನೋಡಿಕೊಳ್ಳಿ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನೀರಿಗೆ ಸೇರಿದ ಮಲ ದನದ್ದೋ ಮನುಷ್ಯರದ್ದೋ? ಕೋಲಿಫಾರ್ಮ್ ಎಣಿಕೆಯಿಂದ ತಿಳಿಯದು. ಅದನ್ನು ತಿಳಿಸುವುದು ಮೆಣಸಿನ ಗಿಡಕ್ಕೆ ರೋಗ ತರುವ ಒಂದು ವೈರಸ್. ಮೆಣಸಿನಕಾಯಿಯೊಂದಿಗೆ ನಮ್ಮ ಹೊಟ್ಟೆ ಸೇರಿ, ನಮಗೇನೂ ಮಾಡದೆ ಕರುಳು ದಾಟಿ ಒಳಚರಂಡಿಗೆ ಹೇರಳವಾಗಿ ಬರುತ್ತದೆ. ಪ್ರಾಣಿಗಳ ಮಲದಲ್ಲಿ ಅಪರೂಪ. ಕರಾವಳಿಯ ನೀರಿರಲಿ, ಶ್ರೀರಂಗಪಟ್ಟಣದ ಸಂಗಮದ ನೀರಿರಲಿ, ಅದು ಹೆಚ್ಚಾಗಿ ಸಿಕ್ಕಿದರೆ ದನಗಳನ್ನು ದೂರುವಂತಿಲ್ಲ.