ರಿಪೋರ್ಟ್‌ನಲ್ಲಿ ಬಂದರು ಎಲ್ಲಿದೆ?

ಪ್ರಶ್ನೆ: ನಮ್ಮ ಮನೆ ಕಾರವಾರದ ಬೈತಖೋಲದಲ್ಲಿ. ಬಂದರು ತೋರಿಸಿ, ಇಂಗ್ಲಿಷಿನಲ್ಲಿ ಇದಕ್ಕೆ ಪೋರ್ಟ್ ಅಂತಾರೆ ಎಂದು ಮಗಳಿಗೆ ಹೇಳಿದೆ. 'ಹಾಗಾದ್ರೆ ರಿಪೋರ್ಟ್, ಸಪೋರ್ಟ್, ಪಾಸ್‌ಪೋರ್ಟ್‌ನಲ್ಲೂ ಬಂದರು ಇದೆಯಾ?' ಎಂದು ಕೇಳಿದಳು. ಏನು ಹೇಳಲಿ?

ಉತ್ತರ: ಪಾಸ್‌ಪೋರ್ಟ್‌ನಲ್ಲಿ ಇದೆ ಎನ್ನಿ. ಉಳಿದೆರಡರಲ್ಲಿ ಇಲ್ಲ.

ಅಕ್ಷರಗಳು ಒಂದೇ ಆದರೂ ಇಲ್ಲಿ ಬೆರೆತಿರುವುದು ಲ್ಯಾಟಿನ್ನಿನ ಮೂರು ಪದಗಳು. ಪೋರ್ಟುಸ್ ಅಂದರೆ ಬಂದರು, ಪೋರ್ಟಾ ಅಂದರೆ ಬಾಗಿಲು, ಪೋರ್ಟಾರೆ ಅಂದರೆ ಹೊರುವುದು. ರಿಪೋರ್ಟ್ ಎಂದರೆ ಸುದ್ದಿ ಹೊತ್ತು ವಾಪಸ್ ತರುವುದು. ಸಪೋರ್ಟ್ ಎಂದರೆ ಕೆಳಗಿನಿಂದ ಹೊತ್ತು ಹಿಡಿಯುವುದು. ತಮಾಷೆ ನೋಡಿ, ಇಂಪೋರ್ಟ್ ಎಕ್ಸ್‌ಪೋರ್ಟ್ ಜಾಸ್ತಿ ನಡೆಯುವುದೇ ಬಂದರಿನಲ್ಲಿ, ಆದರೆ ಆ ಪದಗಳಲ್ಲಿ ಬಂದರಿಲ್ಲ! ಒಳಕ್ಕೆ ಹೊರು, ಹೊರಕ್ಕೆ ಹೊರು, ಅಷ್ಟೇ. ರೈಲ್ವೆ ಸ್ಟೇಷನ್ನಿನ ಪೋರ್ಟರ್ ಹೊರುವವನು. ಬಾಗಿಲು ಕಾಯುವವನಿಗೂ ಇಂಗ್ಲಿಷಿನಲ್ಲಿ ಪೋರ್ಟರ್ ಎನ್ನುತ್ತಾರೆ, ಅದು ಬಾಗಿಲಿನಿಂದ ಬಂದ ಬೇರೆಯದೇ ಪದ.

ಹಳೇ ನಿಘಂಟುಗಳಲ್ಲಿ ಪೋರ್ಟ್‌ಗೆ ಇನ್ನೊಂದು ಅರ್ಥ ಸಿಗುತ್ತದೆ: ಮನುಷ್ಯನ ನಿಲುವು, ಠೀವಿ. ತನ್ನ ಮೈಯನ್ನು ತಾನು ಹೊತ್ತುಕೊಂಡು ಹೋಗುವ ರೀತಿ ಅಂತ. ಈಗ ಅದನ್ನು ಯಾರೂ ಬಳಸುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಆಪರ್ಚುನಿಟಿ. ಕಿವಿಗೆ ಬಂದರು ಕೇಳಿಸುವುದೇ ಇಲ್ಲ, ಆದರೆ ಸ್ಪೆಲಿಂಗ್ ನೋಡಿ, ನಡುವೆ ಪೋರ್ಟ್ ಕೂತಿದೆ. ಲ್ಯಾಟಿನ್ನಿನಲ್ಲಿ ಇದರ ಮೂಲ ಅರ್ಥ 'ಬಂದರಿನ ಕಡೆಗೆ' ಎಂದು. ಹಡಗನ್ನು ದಡಕ್ಕೆ ತಳ್ಳುವ ಗಾಳಿಗೆ ಹೇಳುತ್ತಿದ್ದ ಮಾತು. ಇಂಜಿನ್ ಇಲ್ಲದ ಹಾಯಿ ದೋಣಿಯವರಿಗೆ ಅದಕ್ಕಿಂತ ದೊಡ್ಡ ಅವಕಾಶ ಯಾವುದು, ಅಲ್ವಾ?

ಹಡಗಿನ ಎಡಬದಿಗೂ ಪೋರ್ಟ್ ಎನ್ನುತ್ತಾರೆ. ಮೊದಲು ಅದು ಲಾರ್ಬೋರ್ಡ್ ಆಗಿತ್ತು, ಬಲಬದಿ ಸ್ಟಾರ್‌ಬೋರ್ಡ್. ಗಾಳಿ ಅಬ್ಬರದಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತಿದ್ದವು. 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್ಬೋರ್ಡ್ ಬೇಡ, ಪೋರ್ಟ್ ಎನ್ನಿ ಎಂದು ಆದೇಶ ಹೊರಡಿಸಿತು. ಸರಕು ಇಳಿಸಲು ಬಂದರಿಗೆ ತಾಗಿಸುತ್ತಿದ್ದುದು ಆ ಬದಿಯನ್ನೇ.

ಇನ್ನೊಂದು ಬಂದರು ನಿಮಗೆ ತೀರಾ ಹತ್ತಿರದ್ದು. ಕಾರವಾರದ ಎದುರಿನ ಅಂಜದೀವ ದ್ವೀಪವನ್ನು 1961ರವರೆಗೆ ಹಿಡಿದುಕೊಂಡಿದ್ದ ದೇಶ ಪೋರ್ಚುಗಲ್. ಆ ಹೆಸರು ಬಂದದ್ದು ಪೋರ್ಟುಸ್ ಕಾಲೆ ಎಂಬ ಊರಿನಿಂದ. ಅಲ್ಲೂ ಬಂದರೇ.

ಮಗಳ ಮುಂದಿನ ಪ್ರಶ್ನೆ 'ಬಂದರು ಎಲ್ಲಿಂದ ಬಂತು?' ಎಂದಿದ್ದರೆ ಈಗಲೇ ಹೇಳಿಬಿಡಿ. ಅದೂ ಸಮುದ್ರದಾಚೆಯದು, ಪರ್ಷಿಯನ್ನಿನ ಬಂದರ್.